ಪ್ರಮಾಣವಚನದ ಭಾನುವಾರಗಳು: 1790–91ರ ಫ್ರಾನ್ಸ್ ಧರ್ಮಸಭೆ

1791ರ ಜನವರಿ ಮತ್ತು ಫೆಬ್ರವರಿ ತಿಂಗಳ ಭಾನುವಾರಗಳಂದು ಫ್ರಾನ್ಸ್ ದೇಶದ ಸಹಸ್ರಾರು ಧರ್ಮಕೇಂದ್ರಗಳಲ್ಲಿ ಒಂದೇ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬಂತು. ಬಲಿಪೂಜೆ ಮುಗಿದ ಮೇಲೆ ಪುರಸಭೆಯ ಅಧಿಕಾರಿಗಳ ಹಾಗೂ ನೆರೆದ ಭಕ್ತಜನರ ಸಮ್ಮುಖದಲ್ಲಿ ಗುರುಗಳು ಒಂದು ಪ್ರಮಾಣವಚನವನ್ನು ಉಚ್ಚರಿಸಬೇಕಾಗಿತ್ತು: ತಮಗೆ ಒಪ್ಪಿಸಲಾದ ವಿಶ್ವಾಸಿಗಳನ್ನು ಎಚ್ಚರದಿಂದ ಪಾಲಿಸುವುದು; ರಾಷ್ಟ್ರಕ್ಕೂ ಕಾನೂನಿಗೂ ಅರಸನಿಗೂ ನಿಷ್ಠರಾಗಿರುವುದು; ರಾಷ್ಟ್ರೀಯ ಸಭೆ ವಿಧಿಸಿ ಅರಸನು ಅಂಗೀಕರಿಸಿದ ಸಂವಿಧಾನವನ್ನು ತಮ್ಮ ಶಕ್ತಿಮೀರಿ ಎತ್ತಿಹಿಡಿಯುವುದು. ಕೇಳುವುದಕ್ಕೆ ಇದರಲ್ಲಿ ದೋಷವೇನೂ ಕಾಣುವುದಿಲ್ಲ. ಆದರೆ ‘ಸಂವಿಧಾನ’ ಎಂಬ ಆ ಕೊನೆಯ ಪದದೊಳಗೆ, ಹಿಂದಿನ ಜುಲೈ ತಿಂಗಳಿನಲ್ಲಿ ಅಂಗೀಕೃತವಾಗಿದ್ದ ‘ಯಾಜಕವರ್ಗದ ನಾಗರಿಕ ಸಂವಿಧಾನ’ವೂ ಅಡಗಿತ್ತು. ಪ್ರಮಾಣ ಮಾಡದವರು ತಮ್ಮ ಧರ್ಮಕೇಂದ್ರವನ್ನೂ ಜೀವನಾಧಾರವನ್ನೂ ಕಳೆದುಕೊಳ್ಳುತ್ತಿದ್ದರು. ಮಾಡಿದವರು ಏನನ್ನು ಕಳೆದುಕೊಳ್ಳುತ್ತಾರೆಂಬುದನ್ನು ಆ ಭಾನುವಾರ ಯಾರೂ ಅವರಿಗೆ ಅಧಿಕೃತವಾಗಿ ತಿಳಿಸಿರಲಿಲ್ಲ.

ಗುರುಮಠದ ತರಗತಿಗಳಲ್ಲಿ ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಹತ್ತು ನಿಮಿಷಗಳಲ್ಲಿ ದಾಟಿಬಿಡುತ್ತೇವೆ. ನಿರಾಕರಿಸಿದವರು ರಕ್ತಸಾಕ್ಷಿಗಳು, ಪ್ರಮಾಣ ಮಾಡಿದವರು ಭಿನ್ನಮತೀಯರು. ಕಪ್ಪುಹಲಗೆಯ ಮೇಲೆ ಎರಡು ಕಂಬಸಾಲುಗಳು ಸಿದ್ಧವಾಗುತ್ತವೆ. ಈ ವಿಂಗಡಣೆ ಸುಳ್ಳೆಂದು ನಾವು ಹೇಳುತ್ತಿಲ್ಲ. ಆದರೆ ದೇಶದ ಧರ್ಮಕೇಂದ್ರಗಳ ಗುರುಗಳಲ್ಲಿ ಅರ್ಧದಷ್ಟು ಮಂದಿ ಒಂದು ಕಡೆಗೂ ಉಳಿದರ್ಧ ಮಂದಿ ಇನ್ನೊಂದು ಕಡೆಗೂ ನಿಂತಾಗ, ಒಂದರ್ಧ ಪೂರ್ತಿ ಹೇಡಿಗಳೂ ಮತ್ತೊಂದರ್ಧ ಪೂರ್ತಿ ವೀರರೂ ಆಗಿದ್ದರೆಂದು ನಂಬುವುದು ಕಷ್ಟ. ಅವರೆಲ್ಲರೂ ಬಹುಮಟ್ಟಿಗೆ ಒಂದೇ ಬಗೆಯ ಗುರುಮಠಗಳಲ್ಲಿ ಓದಿದವರು, ಒಂದೇ ಜಪಮಾಲಿಕೆಯನ್ನು ಪ್ರಾರ್ಥಿಸಿದವರು.

ಮೊದಲಿಗೆ ಒಂದು ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕ್ರಾಂತಿಯು ಧರ್ಮಸಭೆಯ ಶತ್ರುವಾಗಿ ಹುಟ್ಟಲಿಲ್ಲ. ಅದರ ತೊಟ್ಟಿಲನ್ನು ತೂಗಿದವರಲ್ಲಿ ಗುರುಗಳೂ ಇದ್ದರು. 1789ರ ಮೇ 5ರಂದು ವರ್ಸೈಲ್ಸ್‌ನಲ್ಲಿ ಸೇರಿದ ಮಹಾಧಿವೇಶನದಲ್ಲಿ ಯಾಜಕವರ್ಗದ ಸುಮಾರು 300 ಪ್ರತಿನಿಧಿಗಳಿದ್ದು, ಅವರಲ್ಲಿ 200ಕ್ಕೂ ಹೆಚ್ಚು ಮಂದಿ ಹಳ್ಳಿ ಪಟ್ಟಣಗಳ ಸಾಧಾರಣ ಗುರುಗಳಾಗಿದ್ದರು. ಜೂನ್ 13ರಂದು ಪ್ವಾತೂ ಪ್ರಾಂತದ ಮೂವರು ಗುರುಗಳು ತಮ್ಮ ವರ್ಗದ ಸಾಲನ್ನು ಬಿಟ್ಟು ಮೂರನೆಯ ವರ್ಗದವರೊಂದಿಗೆ, ಅಂದರೆ ಜನಸಾಮಾನ್ಯರ ಪ್ರತಿನಿಧಿಗಳೊಂದಿಗೆ, ಹೋಗಿ ಕುಳಿತರು. ದಿನದಿನಕ್ಕೆ ಇನ್ನಷ್ಟು ಮಂದಿ ಅವರನ್ನು ಹಿಂಬಾಲಿಸಿದರು. ಈ ಹೆಜ್ಜೆಯಿಲ್ಲದೆ ರಾಷ್ಟ್ರೀಯ ಸಭೆ ಅಷ್ಟು ಬೇಗ ರೂಪುಗೊಳ್ಳುತ್ತಿರಲಿಲ್ಲ.

ಅವರನ್ನು ಅಲ್ಲಿಗೆ ಕರೆದೊಯ್ದದ್ದು ಬರಿಯ ಆದರ್ಶವಲ್ಲ. ರೈತರು ಕೊಡುತ್ತಿದ್ದ ದಶಮಾಂಶವು ಅನೇಕ ಕಡೆ ಆ ಊರಿನ ಗುರುಗಳ ಕೈ ಸೇರದೆ ದೂರದ ಮಠಕ್ಕೋ ಪ್ರಧಾನಾಲಯದ ಗುರುಮಂಡಳಿಗೋ ಹೋಗುತ್ತಿತ್ತು. ಊರಿನ ಗುರುಗಳಿಗೆ ದಕ್ಕುತ್ತಿದ್ದದ್ದು ಒಂದು ನಿಗದಿತ ಪಾಲು. 1768ರಲ್ಲಿ ವರ್ಷಕ್ಕೆ 500 ಲಿವ್ರ್, 1786ರ ನಂತರ 700 ಲಿವ್ರ್. ಧರ್ಮಾಧ್ಯಕ್ಷ ಪದವಿಯಾದರೋ ಬಹುತೇಕ ಪೂರ್ತಿಯಾಗಿ ಉನ್ನತ ಕುಲೀನರ ಮನೆತನಗಳ ಸೊತ್ತಾಗಿತ್ತು. ರೈತನ ಮಗ ಎಷ್ಟೇ ಪಂಡಿತನಾದರೂ ಆ ಬಾಗಿಲು ಅವನಿಗೆ ತೆರೆಯುತ್ತಿರಲಿಲ್ಲ. ಹಲವು ಧರ್ಮಾಧ್ಯಕ್ಷರು ತಮ್ಮ ಧರ್ಮಕ್ಷೇತ್ರಕ್ಕಿಂತ ಅರಮನೆಯಲ್ಲೇ ಹೆಚ್ಚು ಪರಿಚಿತರಾಗಿದ್ದರು. ಆಗಸ್ಟ್ 4ರ ರಾತ್ರಿ ಊಳಿಗಮಾನ್ಯ ಹಕ್ಕುಗಳ ಜೊತೆಗೆ ದಶಮಾಂಶವೂ ಕುಸಿದುಬಿದ್ದಾಗ, ಮತ್ತು ನವೆಂಬರ್ 2ರಂದು ಧರ್ಮಸಭೆಯ ಆಸ್ತಿಯನ್ನೆಲ್ಲ ರಾಷ್ಟ್ರದ ವಶಕ್ಕೆ ಒಪ್ಪಿಸಿ ಪ್ರತಿಯೊಬ್ಬ ಧರ್ಮಕೇಂದ್ರದ ಗುರುವಿಗೂ ಮನೆ ತೋಟಗಳಲ್ಲದೆ ವರ್ಷಕ್ಕೆ ಕನಿಷ್ಠ 1200 ಲಿವ್ರ್ ವೇತನದ ಭರವಸೆ ಕೊಟ್ಟಾಗ, ಹಳ್ಳಿಯ ಗುರುಗಳು ಕಣ್ಣೀರು ಸುರಿಸಿದ್ದರೆ ಅದು ಬಹುಶಃ ದುಃಖದ ಕಣ್ಣೀರಾಗಿರಲಾರದು. ಆಸ್ತಿಯ ಈ ಪ್ರಸ್ತಾಪವನ್ನು ಮುಂದಿಟ್ಟವರು ಒಬ್ಬ ಧರ್ಮಾಧ್ಯಕ್ಷರೇ: ಒತುನ್‌ನ ಟ್ಯಾಲಿರಾಂಡ್. 1790ರ ಫೆಬ್ರವರಿ 13ರಂದು ಸನ್ಯಾಸವ್ರತಗಳಿಗೆ ಇದ್ದ ಕಾನೂನಿನ ಮಾನ್ಯತೆಯನ್ನು ರದ್ದುಗೊಳಿಸಲಾಯಿತು. ಮಠಗಳು ಒಂದೊಂದಾಗಿ ಬರಿದಾದವು. ಆಗಲೂ ದೇಶದ ಧರ್ಮಕೇಂದ್ರಗಳು ಅಲುಗಾಡಲಿಲ್ಲ.

ಅಲುಗಾಡಿಸಿದ್ದು ಜುಲೈ 12ರ ಶಾಸನ. ಇದನ್ನು ಓದಿ ನೋಡಿದವರಿಗೆ ಮೊದಲು ಉಂಟಾಗುವುದು ಕೋಪವಲ್ಲ, ಅಚ್ಚರಿ. ಏಕೆಂದರೆ ಅದರ ಅನೇಕ ವಿಧಿಗಳನ್ನು ಒಬ್ಬ ಒಳ್ಳೆಯ ಸುಧಾರಕ ಧರ್ಮಾಧ್ಯಕ್ಷರೇ ಬರೆದಿರಬಹುದಾಗಿತ್ತು. ಧರ್ಮಾಧ್ಯಕ್ಷರೂ ಗುರುಗಳೂ ತಮ್ಮ ಕ್ಷೇತ್ರದಲ್ಲಿಯೇ ವಾಸಿಸತಕ್ಕದ್ದು. ಸೇವೆಯಿಲ್ಲದ ಪದವಿಗಳು ಇರತಕ್ಕದ್ದಲ್ಲ. ಹದಿನೈದು ವರ್ಷ ಸೇವೆ ಸಲ್ಲಿಸಿದವರು ಮಾತ್ರ ಧರ್ಮಾಧ್ಯಕ್ಷ ಪದವಿಗೆ ಅರ್ಹರು. ಧರ್ಮಾಧ್ಯಕ್ಷರು ತಮ್ಮ ಗುರುಗಳ ಮಂಡಳಿಯೊಡನೆ ಸಮಾಲೋಚಿಸಿ ಆಡಳಿತ ನಡೆಸಬೇಕು. ಟ್ರೆಂಟ್ ಮಹಾಸಭೆ ಎರಡು ಶತಮಾನಗಳ ಹಿಂದೆಯೇ ಕೇಳಿಕೊಂಡಿದ್ದರಲ್ಲಿ ಕೆಲವನ್ನಾದರೂ ಇಲ್ಲಿ ಕಾನೂನು ಬಲವಂತದಿಂದ ಈಡೇರಿಸುತ್ತಿತ್ತು.

ಆದರೆ ಅದೇ ಶಾಸನ ನೂರಮೂವತ್ತಕ್ಕೂ ಹೆಚ್ಚು ಧರ್ಮಕ್ಷೇತ್ರಗಳನ್ನು ಅಳಿಸಿಹಾಕಿ, ಹೊಸದಾಗಿ ರಚಿತವಾದ ಆಡಳಿತ ಜಿಲ್ಲೆಗಳಿಗೆ ಹೊಂದುವಂತೆ 83ಕ್ಕೆ ಇಳಿಸಿತು. ಧರ್ಮಾಧ್ಯಕ್ಷರನ್ನೂ ಧರ್ಮಕೇಂದ್ರದ ಗುರುಗಳನ್ನೂ, ಜಿಲ್ಲಾಧಿಕಾರಿಗಳನ್ನು ಆರಿಸುವ ಅದೇ ಮತದಾರರು ಆರಿಸತಕ್ಕದ್ದೆಂದಿತು. ಆ ಮತದಾರರಲ್ಲಿ ಪ್ರೊಟೆಸ್ಟೆಂಟರೂ ಇರಬಹುದು, ಯಾವ ನಂಬಿಕೆಯೂ ಇಲ್ಲದವರೂ ಇರಬಹುದು. ಚುನಾವಣೆಗೆ ಮುಂಚೆ ನಡೆಯುವ ಬಲಿಪೂಜೆಯಲ್ಲಿ ಹಾಜರಿದ್ದರೆ ಸಾಕು. ಹೊಸ ಧರ್ಮಾಧ್ಯಕ್ಷರು ರೋಮ್‌ನಿಂದ ದೃಢೀಕರಣ ಕೋರಕೂಡದು. ವಿಶ್ವಾಸದ ಐಕ್ಯತೆಯ ಗುರುತಾಗಿ ಜಗದ್ಗುರುಗಳಿಗೆ ಒಂದು ಪತ್ರ ಬರೆದರೆ ಮುಗಿಯಿತು.

ಇಲ್ಲಿ ನಮ್ಮ ವಿದ್ಯಾರ್ಥಿಗಳು ಪ್ರತಿ ವರ್ಷವೂ ಕೇಳುವ ಪ್ರಶ್ನೆಯೊಂದಿದೆ, ಅದು ನ್ಯಾಯವಾದ ಪ್ರಶ್ನೆಯೂ ಹೌದು: ಮಿಲಾನಿನ ಜನರು ಸಂತ ಆಂಬ್ರೋಸರನ್ನು ಕೂಗಿ ಆರಿಸಿದಾಗ ಅದು ಪವಿತ್ರಾತ್ಮರ ಕಾರ್ಯವೆನಿಸಿದರೆ, ಫ್ರಾನ್ಸಿನ ಜನರು ಮತ ಹಾಕಿ ಆರಿಸಿದಾಗ ಅದು ಭಿನ್ನಮತ ಏಕಾಯಿತು? ಶಾಸನವನ್ನು ರೂಪಿಸಿದ ವಕೀಲರೂ ಇದನ್ನೇ ವಾದಿಸಿದ್ದರು. ತಾವು ಆದಿಧರ್ಮಸಭೆಯ ಪರಿಶುದ್ಧ ಪದ್ಧತಿಗೆ ಮರಳುತ್ತಿದ್ದೇವೆಂದು ಅವರು ಪ್ರಾಮಾಣಿಕವಾಗಿಯೇ ನಂಬಿದ್ದರು. ನಮ್ಮ ಉತ್ತರವಿದು: ದೋಷವಿದ್ದದ್ದು ಚುನಾವಣೆಯಲ್ಲಲ್ಲ. ಮಿಲಾನಿನಲ್ಲಿ ಆರಿಸಿದವರು ಒಂದೇ ಬಲಿಪೀಠದ ಸುತ್ತ ಸೇರುತ್ತಿದ್ದ ಸಭೆ, ಆಯ್ಕೆಯನ್ನು ಒಪ್ಪಿ ದೀಕ್ಷೆ ಕೊಟ್ಟವರು ನೆರೆಯ ಧರ್ಮಾಧ್ಯಕ್ಷರು. 1790ರಲ್ಲಿ ಆರಿಸುವವರು ಇಂತಿಷ್ಟು ತೆರಿಗೆ ಕಟ್ಟುವ ನಾಗರಿಕರು, ಒಪ್ಪಿಗೆಯ ಮೂಲ ರಾಷ್ಟ್ರೀಯ ಸಭೆಯ ಬಹುಮತ. ಕುರುಬನ ಅಧಿಕಾರ ಎಲ್ಲಿಂದ ಬರುತ್ತದೆ ಎಂಬುದು ಪ್ರಶ್ನೆಯಾಗಿತ್ತು. ಪ್ರೇಷಿತ ಪರಂಪರೆಯಿಂದ ಬರುತ್ತದೆನ್ನುವುದು ನಮ್ಮ ವಿಶ್ವಾಸ. ಶಾಸನವು ಅದನ್ನು ನಿರಾಕರಿಸಲಿಲ್ಲ, ಸುಮ್ಮನೆ ಅದರ ಮೇಲೆ ಕುಳಿತುಬಿಟ್ಟಿತು.

ಆದರೆ ಈ ಉತ್ತರದಲ್ಲಿ ನಮಗೂ ಒಂದು ಮುಳ್ಳಿದೆ. 1516ರ ಬೊಲೋನ್ಯ ಒಪ್ಪಂದದಂತೆ ಫ್ರಾನ್ಸಿನ ಧರ್ಮಾಧ್ಯಕ್ಷರನ್ನು ಹೆಸರಿಸುತ್ತಿದ್ದವನು ಅರಸ. ರೋಮ್ ಅದಕ್ಕೆ ಮುದ್ರೆ ಒತ್ತುತ್ತಿತ್ತು. ಎರಡೂವರೆ ಶತಮಾನಗಳ ಕಾಲ ಸಿಂಹಾಸನದ ಕೈಯಲ್ಲಿದ್ದ ಅಧಿಕಾರ ಈಗ ರಾಷ್ಟ್ರದ ಕೈಗೆ ಬಂದಿದೆಯೆಂದು ರಾಷ್ಟ್ರೀಯ ಸಭೆಯವರು ಭಾವಿಸಿದರೆ, ಅವರಿಗೆ ಹಾಗೆ ಭಾವಿಸಲು ಕಲಿಸಿದವರು ನಾವೇ. ಅರಮನೆಗೆ ಬಿಟ್ಟುಕೊಟ್ಟದ್ದನ್ನು ಸಂಸತ್ತು ಕೇಳಿದಾಗ ತತ್ತ್ವದ ಹೆಸರಿನಲ್ಲಿ ಇಲ್ಲವೆನ್ನುವುದು ಸುಲಭವಲ್ಲ. ಧರ್ಮಾಧ್ಯಕ್ಷರ ನೇಮಕದಲ್ಲಿ ಯಾವ ಸರ್ಕಾರಕ್ಕೂ ಇನ್ನು ಮುಂದೆ ಹಕ್ಕು ಕೊಡಲಾಗದೆಂದು ಎರಡನೇ ವ್ಯಾಟಿಕನ್ ಮಹಾಸಭೆ ಧರ್ಮಾಧ್ಯಕ್ಷರ ಪಾಲನಾಸೇವೆಯನ್ನು ಕುರಿತ ತನ್ನ ಶಾಸನದಲ್ಲಿ ಸ್ಪಷ್ಟವಾಗಿ ಹೇಳಲು 1965ರವರೆಗೆ ಕಾಯಬೇಕಾಯಿತು.

ಆ ಬೇಸಿಗೆಯಲ್ಲಿ ಇನ್ನೂ ಸಮಯವಿತ್ತು. ಜುಲೈ 14ರಂದು ಪ್ಯಾರಿಸಿನ ಬಯಲಿನಲ್ಲಿ ಸುರಿಯುವ ಮಳೆಯ ನಡುವೆ, ರಾಷ್ಟ್ರದ ಏಕತೆಯ ಹಬ್ಬದಂದು, ಟ್ಯಾಲಿರಾಂಡರೇ ಬಲಿಪೂಜೆ ಅರ್ಪಿಸಿದರು. ಬಲಿಪೀಠವೂ ರಾಷ್ಟ್ರವೂ ಒಂದೇ ಎಂಬಂತಿತ್ತು ಆ ದಿನ. ಜಗದ್ಗುರು ಆರನೇ ಪಯಸರು ಜುಲೈ 10ರಂದೇ ಅರಸ ಹದಿನಾರನೇ ಲೂಯಿಗೆ ಎಚ್ಚರಿಕೆಯ ಪತ್ರ ಬರೆದಿದ್ದರು. ಅದು ತಲುಪಿದ್ದು ಅರಸನು ಒಪ್ಪಿಗೆ ಸೂಚಿಸಿದ ಮರುದಿನ, ಜುಲೈ 23ರಂದು. ಆ ಪತ್ರವನ್ನು ಅರಸ ಬಹಿರಂಗಪಡಿಸಲಿಲ್ಲ. ಅಕ್ಟೋಬರ್ 30ರಂದು, ಸಭೆಯ ಸದಸ್ಯರಾಗಿದ್ದ ಧರ್ಮಾಧ್ಯಕ್ಷರಲ್ಲಿ ಇಬ್ಬರನ್ನು ಬಿಟ್ಟು ಉಳಿದ ಮೂವತ್ತು ಮಂದಿ, ಏಕ್ಸ್‌ನ ಮಹಾಧರ್ಮಾಧ್ಯಕ್ಷ ಬ್ವಾಜ್‌ಲೆನ್ ಅವರ ನೇತೃತ್ವದಲ್ಲಿ ಒಂದು ತತ್ತ್ವನಿರೂಪಣೆಯನ್ನು ಪ್ರಕಟಿಸಿದರು. ಅದರ ಸ್ವರ ಬಂಡಾಯದ್ದಲ್ಲ. ಸುಧಾರಣೆಗಳಿಗೆ ನಾವು ಸಿದ್ಧ, ಆದರೆ ಧರ್ಮಸಭೆಯ ಮಾತನ್ನೂ ಕೇಳಿ. ರಾಷ್ಟ್ರದ ಧರ್ಮಾಧ್ಯಕ್ಷರ ಸಭೆಯನ್ನು ಕರೆಯಿರಿ, ಇಲ್ಲವೇ ಜಗದ್ಗುರುಗಳ ಒಪ್ಪಿಗೆಗಾಗಿ ಕಾಯಿರಿ ಎಂಬುದು ಅದರ ತಿರುಳು. ಸಾರ್ವಭೌಮ ರಾಷ್ಟ್ರ ಯಾರ ಒಪ್ಪಿಗೆಗೂ ಕಾಯಬೇಕಾಗಿಲ್ಲವೆಂದು ಸಭೆ ತೀರ್ಮಾನಿಸಿತು. ನಮ್ಮ ದೃಷ್ಟಿಯಲ್ಲಿ ಆ ವರ್ಷದ ದುರಂತಕ್ಕೆ ಮುಖ್ಯ ಕಾರಣ ಜುಲೈ ತಿಂಗಳ ಶಾಸನಕ್ಕಿಂತ ಈ ಅವಸರವೇ. ರೋಮ್ ಕೂಡ ನಿರಪರಾಧಿಯಲ್ಲ. ಅವಿನ್ಯೋನ್‌ನಲ್ಲಿ ಜಗದ್ಗುರುಗಳ ಪ್ರಜೆಗಳೇ ಫ್ರಾನ್ಸಿಗೆ ಸೇರಬೇಕೆಂದು ಬಂಡೆದ್ದಿದ್ದ ಸಮಯವದು. ಫ್ರಾನ್ಸಿನ ಧರ್ಮಸಭೆ ತನ್ನಿಂದ ದೂರ ಸರಿದೀತೆಂಬ ಅಂಜಿಕೆಯೂ ಇತ್ತು. ಎಂಟು ತಿಂಗಳ ಕಾಲ ಬಹಿರಂಗವಾಗಿ ಒಂದು ಮಾತೂ ಬರಲಿಲ್ಲ.

ನವೆಂಬರ್ 27ರಂದು ಪ್ರಮಾಣವಚನದ ಶಾಸನ ಬಂತು. ಡಿಸೆಂಬರ್ 26ರಂದು ಅರಸ ಒಲ್ಲದ ಮನಸ್ಸಿನಿಂದ ಸಹಿ ಹಾಕಿದ. ಮರುದಿನವೇ ಲೊರೇನ್ ಪ್ರಾಂತದ ಎಂಬೆರ್ಮೆನಿಲ್ ಎಂಬ ಹಳ್ಳಿಯ ಗುರು ಹೆನ್ರಿ ಗ್ರೆಗ್ವಾರ್ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಪ್ರಮಾಣ ಮಾಡಿದರು; ಅವರ ಹಿಂದೆ ಸುಮಾರು ಅರವತ್ತು ಮಂದಿ. ಜನವರಿ 4ರಂದು ಉಳಿದವರ ಹೆಸರುಗಳನ್ನು ಒಬ್ಬೊಬ್ಬರಾಗಿ ಕೂಗಲಾಯಿತು. ಮೊದಲು ಕರೆಯಲ್ಪಟ್ಟ ಅಜೆನ್‌ನ ಧರ್ಮಾಧ್ಯಕ್ಷರು ನಿರಾಕರಿಸಿದರು. ಹೊರಗೆ ಜನಜಂಗುಳಿ ಬೊಬ್ಬಿಡುತ್ತಿತ್ತು. ಒಂದಾದ ಮೇಲೊಂದು ನಿರಾಕರಣೆ ಬಂದಾಗ ಸಭೆಯವರು ಹೆಸರು ಕೂಗುವುದನ್ನೇ ನಿಲ್ಲಿಸಿಬಿಟ್ಟರು. ಕೊನೆಗೆ ಸಭೆಯ ಗುರುಪ್ರತಿನಿಧಿಗಳಲ್ಲಿ ಪ್ರಮಾಣ ಮಾಡಿದವರು ಸುಮಾರು ಮೂರನೇ ಒಂದು ಭಾಗ ಮಾತ್ರ. ಇಡೀ ಫ್ರಾನ್ಸಿನಲ್ಲಿ ಧರ್ಮಕ್ಷೇತ್ರದ ಹೊಣೆಯಿದ್ದ ಧರ್ಮಾಧ್ಯಕ್ಷರಲ್ಲಿ ಪ್ರಮಾಣ ಮಾಡಿದವರು ನಾಲ್ವರು. ಆ ನಾಲ್ವರೂ ಮುಂದೆ ಧರ್ಮಾಧ್ಯಕ್ಷ ಪದವಿಯನ್ನೇ ತೊರೆದರು ಎಂಬುದನ್ನು ಇಲ್ಲಿಯೇ ಹೇಳಿಬಿಡಬಹುದು.

ಈಗ ಹಳ್ಳಿಯ ಆ ಭಾನುವಾರಕ್ಕೆ ಮರಳೋಣ. ಗುರುಗಳ ಮುಂದೆ ಎರಡು ನಿಷ್ಠೆಗಳಿದ್ದವು, ಎರಡೂ ಸುವಾರ್ತೆಯಿಂದಲೇ ಬಂದವು. ಕುರಿಮಂದೆಯನ್ನು ಬಿಟ್ಟು ಓಡುವವನು ಕೂಲಿಯಾಳು ಎಂದು ಪ್ರಭುವೇ ಹೇಳಿದ್ದಾರೆ. ಪ್ರಮಾಣ ಮಾಡದಿದ್ದರೆ ನಾಳೆ ನನ್ನ ಜನರಿಗೆ ಸಂಸ್ಕಾರ ನೀಡುವವರು ಯಾರು? ಮಂದೆ ಒಂದೇ, ಕುರುಬ ಒಬ್ಬನೇ ಎಂದೂ ಅದೇ ಅಧ್ಯಾಯದಲ್ಲಿ ಪ್ರಭು ಹೇಳಿದ್ದಾರೆ. ನನ್ನ ಧರ್ಮಾಧ್ಯಕ್ಷರನ್ನೂ ರೋಮನ್ನೂ ಬಿಟ್ಟು ನಾನು ಅರ್ಪಿಸುವ ಬಲಿಪೂಜೆ ಯಾರ ಐಕ್ಯತೆಯಲ್ಲಿ? ಅನೇಕ ಗುರುಗಳು ನಡುವಿನ ದಾರಿ ಹಿಡಿದರು. ಆಧ್ಯಾತ್ಮಿಕ ವಿಷಯಗಳನ್ನು ಹೊರತುಪಡಿಸಿ ಪ್ರಮಾಣ ಮಾಡುತ್ತೇನೆಂದು ಪೀಠದ ಮುಂದೆ ವಿವರಿಸಿ ಹೇಳಿದರು. ಕೆಲವು ಕಡೆ ಪುರಸಭೆಯವರು, ತಮ್ಮ ಗುರುಗಳನ್ನು ಉಳಿಸಿಕೊಳ್ಳುವ ಪ್ರೀತಿಯಿಂದ, ಆ ಷರತ್ತನ್ನು ಕಿವಿಗೆ ಹಾಕಿಕೊಳ್ಳದವರಂತೆ ದಾಖಲೆ ಬರೆದುಕೊಂಡರು. ಆದರೆ ಷರತ್ತಿನ ಪ್ರಮಾಣ ನಿರಾಕರಣೆಗೆ ಸಮ ಎಂಬುದು ಸಭೆಯ ನಿಲುವು. ಪ್ಯಾರಿಸಿನಲ್ಲಿ ಜನವರಿ 9ರಂದು ಸಂತ ಸುಲ್ಪಿಸ್ ಧರ್ಮಕೇಂದ್ರದ ಗುರುಗಳು ನಿರಾಕರಿಸಿದಾಗ ದೇವಾಲಯದೊಳಗೇ ಗಲಭೆಯೆದ್ದಿತು.

ಇತಿಹಾಸಕಾರ ಟಿಮೊಥಿ ಟ್ಯಾಕೆಟ್ ಈ ಪ್ರಮಾಣಗಳ ದಾಖಲೆಗಳನ್ನು ಊರೂರಿಗೆ ಎಣಿಸಿ 1986ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಒಂದು ವಿಚಿತ್ರ ನಕ್ಷೆ ಮೂಡಿಬರುತ್ತದೆ. ದೇಶದ ಒಟ್ಟು ಲೆಕ್ಕದಲ್ಲಿ ಧರ್ಮಕೇಂದ್ರಗಳ ಗುರುಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಪ್ರಮಾಣ ಮಾಡಿದ್ದರು. ಆದರೆ ಆಗ್ನೇಯದ ವಾರ್ ಜಿಲ್ಲೆಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು; ಅಲ್ಸಾಸ್‌ನ ಕೆಳ ರೈನ್ ಜಿಲ್ಲೆಯಲ್ಲಿ ಹತ್ತರಲ್ಲಿ ಒಬ್ಬರೂ ಇಲ್ಲ. ಬ್ರಿಟನಿ, ವಾಂದೇ, ಉತ್ತರದ ಗಡಿಪ್ರದೇಶಗಳು ನಿರಾಕರಿಸಿದವು; ಪ್ಯಾರಿಸಿನ ಸುತ್ತಣ ಬಯಲುಸೀಮೆ ಮತ್ತು ಮಧ್ಯಪ್ರಾಂತಗಳು ಒಪ್ಪಿದವು. ಹಣದ ಆಸೆಯೇ ಕಾರಣವಾಗಿದ್ದರೆ ನಕ್ಷೆ ಹೀಗಿರುತ್ತಿರಲಿಲ್ಲ. 1200 ಲಿವ್ರ್ ಬ್ರಿಟನಿಯಲ್ಲೂ 1200 ಲಿವ್ರೇ. ಅಲ್ಸಾಸ್‌ನಲ್ಲಿ ಕಥೋಲಿಕರ ಪಕ್ಕದ ಮನೆಯಲ್ಲೇ ಲೂಥರನರಿದ್ದರು, ಅವರು ತಮ್ಮ ಗುರುಗಳನ್ನು ಆರಿಸುವುದೆಂಬುದು ಅಲ್ಲಿ ಊಹೆಯ ಮಾತಾಗಿರಲಿಲ್ಲ. ಪಶ್ಚಿಮದಲ್ಲಿ ಗುರುಗಳು ಆ ನೆಲದ ರೈತರ ಮಕ್ಕಳೇ ಆಗಿದ್ದು, ಸಂಖ್ಯೆಯಲ್ಲೂ ಹೆಚ್ಚಿದ್ದು, ಒಬ್ಬರಿಗೊಬ್ಬರು ಆಸರೆಯಾಗಿದ್ದರು. ಮಧ್ಯಪ್ರಾಂತದ ಗುರು ಒಂಟಿಯಾಗಿದ್ದರು. ಅವರ ಜನ ಕ್ರಾಂತಿಯ ಪರವಾಗಿದ್ದರು. ಜನರು ಬಯಸಿದ್ದನ್ನು ಗುರುಗಳು ಮಾಡಿದರೋ, ಗುರುಗಳು ಕಲಿಸಿದ್ದನ್ನು ಜನರು ಬಯಸಿದರೋ, ಬಿಡಿಸಿ ಹೇಳುವುದು ಸುಲಭವಲ್ಲ. ನಮ್ಮ ಆತ್ಮಸಾಕ್ಷಿ ಎಂದು ನಾವು ಕರೆಯುವುದರಲ್ಲಿ ನಮ್ಮ ಊರಿನ ಪಾಲೆಷ್ಟು ಎಂಬ ಪ್ರಶ್ನೆ ಈ ನಕ್ಷೆಯನ್ನು ನೋಡಿದಾಗಲೆಲ್ಲ ನಮ್ಮನ್ನು ಕಾಡುತ್ತದೆ.

ಫೆಬ್ರವರಿ 24ರಂದು ಪ್ಯಾರಿಸಿನ ಒರಟರಿ ದೇವಾಲಯದಲ್ಲಿ ಟ್ಯಾಲಿರಾಂಡ್ ಇಬ್ಬರು ಹೊಸ ಧರ್ಮಾಧ್ಯಕ್ಷರಿಗೆ ದೀಕ್ಷೆ ನೀಡಿದರು. ಕೆಲವು ವಾರಗಳ ಹಿಂದೆಯಷ್ಟೇ ಅವರು ತಮ್ಮ ಧರ್ಮಕ್ಷೇತ್ರಕ್ಕೆ ರಾಜೀನಾಮೆ ಕೊಟ್ಟಿದ್ದರು. ಅಲ್ಲಿಂದ ಸರಪಳಿ ಬೆಳೆಯಿತು. ಕೊನೆಗೂ ಮಾರ್ಚ್ 10ರಂದು, ಮತ್ತೆ ಏಪ್ರಿಲ್ 13ರಂದು, ಜಗದ್ಗುರುಗಳ ಪತ್ರಗಳು ಹೊರಬಿದ್ದವು. ನಾಗರಿಕ ಸಂವಿಧಾನ ಖಂಡಿತವಾಯಿತು. ಪ್ರಮಾಣ ಮಾಡಿದವರು ನಲವತ್ತು ದಿನಗಳೊಳಗೆ ಹಿಂತೆಗೆದುಕೊಳ್ಳದಿದ್ದರೆ ಅವರ ಸೇವಾಧಿಕಾರ ಅಮಾನತಾಗುತ್ತಿತ್ತು. ಕೆಲವರು ಹಿಂತೆಗೆದುಕೊಂಡರು. ಆದರೆ ಮಾರ್ಚ್ ತಿಂಗಳ ಪತ್ರ ನಾಗರಿಕ ಸಂವಿಧಾನದ ಜೊತೆಗೆ ಮಾನವ ಹಕ್ಕುಗಳ ಘೋಷಣೆಯ ಸ್ವಾತಂತ್ರ್ಯ ಸಮಾನತೆಗಳನ್ನೂ ಒಟ್ಟಿಗೆ ಖಂಡಿಸಿತ್ತು. ಧರ್ಮಸಭೆಯ ಐಕ್ಯತೆಗಾಗಿ ನಿರಾಕರಿಸಿದ ಗುರುವೂ ಹಳೆಯ ಅರಸೊತ್ತಿಗೆಯ ಪಕ್ಷಪಾತಿಯೆಂದು ಇದರಿಂದ ಜನರಿಗೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಧಾರ್ಮಿಕ ಸ್ವಾತಂತ್ರ್ಯವನ್ನು ಮಾನವ ಘನತೆಯ ಮೇಲೆ ನಿಲ್ಲಿಸಿದ 1965ರ ಘೋಷಣೆಯನ್ನು ಓದಿದ ನಮಗೆ ಆ ಪತ್ರದ ಈ ಭಾಗ ಅನ್ಯವಾಗಿ ಕೇಳಿಸುತ್ತದೆ.

ಆ ವರ್ಷದ ಪಾಸ್ಕ ಹಬ್ಬಕ್ಕೆ ಊರುಗಳು ಎರಡಾಗಿದ್ದವು. ಗಂಡ ಹೊಸ ಗುರುವಿನ ಪೂಜೆಗೆ, ಹೆಂಡತಿ ಹಳೆಯ ಗುರುವಿನ ಗುಪ್ತ ಪೂಜೆಗೆ. ಹೊಸ ಗುರುವಿಗೆ ಹಲವೆಡೆ ಹೆಂಗಸರು ಕಲ್ಲು ಬೀರಿದರು. ಪ್ಯಾರಿಸಿನಲ್ಲಿ ಹಳೆಯ ಗುರುಗಳ ಪೂಜೆಗೆ ಹೋಗುತ್ತಿದ್ದ ಧರ್ಮಭಗಿನಿಯರನ್ನು ಜನ ಹಿಡಿದು ಥಳಿಸಿದರು. ಪ್ರಮಾಣ ಮಾಡದ ಗುರುವಿನ ಕೈಯಿಂದ ಪರಮಪ್ರಸಾದ ಸ್ವೀಕರಿಸಲೆಂದು ಏಪ್ರಿಲ್ 18ರಂದು ಸೇಂಟ್ ಕ್ಲೂಗೆ ಹೊರಟ ಅರಸನ ಗಾಡಿಯನ್ನೇ ಜನ ತಡೆದು ನಿಲ್ಲಿಸಿದರು. ಎರಡು ತಿಂಗಳ ನಂತರ ಆತ ಗುಟ್ಟಾಗಿ ಪಲಾಯನ ಮಾಡಿ ವಾರೆನ್‌ನಲ್ಲಿ ಸಿಕ್ಕಿಬಿದ್ದ.

ಗುರುಮಠದವರಾದ ನಾವು ಇಲ್ಲಿ ಒಬ್ಬರನ್ನು ವಿಶೇಷವಾಗಿ ನೆನೆಯಬೇಕು. ಸಂತ ಸುಲ್ಪಿಸ್ ಗುರುಮಠದ ಶ್ರೇಷ್ಠಾಧಿಕಾರಿ ಜಾಕ್ ಆಂದ್ರೆ ಎಮೆರಿ 1791ರ ಪ್ರಮಾಣವನ್ನು ನಿರಾಕರಿಸಿದರು. ಅದೇ ವರ್ಷ ತಮ್ಮ ಕೆಲವು ಗುರುಗಳನ್ನು ಅಮೆರಿಕದ ಬಾಲ್ಟಿಮೋರಿಗೆ ಕಳುಹಿಸಿ ಆ ದೇಶದ ಮೊದಲ ಗುರುಮಠಕ್ಕೆ ಅಡಿಪಾಯ ಹಾಕಿಸಿದರು. ಆದರೆ 1792ರ ಆಗಸ್ಟ್ ತಿಂಗಳಲ್ಲಿ ಸ್ವಾತಂತ್ರ್ಯ ಸಮಾನತೆಗಳಿಗೆ ನಿಷ್ಠೆ ಕೋರುವ ಇನ್ನೊಂದು ಪ್ರಮಾಣ ಬಂದಾಗ ಅವರು ಅದನ್ನು ಮಾಡಿದರು. ಅನೇಕ ಧರ್ಮಾಧ್ಯಕ್ಷರು, ವಿಶೇಷವಾಗಿ ದೇಶದಿಂದಾಚೆ ಸುರಕ್ಷಿತವಾಗಿದ್ದವರು, ಅವರನ್ನು ಬಲಹೀನನೆಂದು ಜರೆದರು. ಎಮೆರಿಯವರ ವಾದ ಸರಳವಾಗಿತ್ತು: ಮೊದಲ ಪ್ರಮಾಣ ಧರ್ಮಸಭೆಯ ರಚನೆಯನ್ನೇ ಮುಟ್ಟುತ್ತಿತ್ತು, ಎರಡನೆಯದು ರಾಜಕೀಯವಾದದ್ದು, ಅದಕ್ಕಾಗಿ ಜನರನ್ನು ಸಂಸ್ಕಾರಗಳಿಂದ ವಂಚಿಸುವ ಹಕ್ಕು ನಮಗಿಲ್ಲ. ರೋಮ್ ಈ ಎರಡನೆಯ ಪ್ರಮಾಣವನ್ನು ಖಂಡಿಸಲಿಲ್ಲ. ಭೀತಿಯ ಆಳ್ವಿಕೆಯಲ್ಲಿ ಅವರು ಸೆರೆಮನೆಯಲ್ಲಿದ್ದು, ಗಿಲೊಟಿನ್‌ಗೆ ಹೋಗುವವರ ಪಾಪನಿವೇದನೆ ಕೇಳುತ್ತಿದ್ದರು. ಇಲ್ಲ ಎನ್ನಬೇಕಾದಲ್ಲಿ ಇಲ್ಲವೆಂದು, ಹೌದು ಎನ್ನಬಹುದಾದಲ್ಲಿ ಹೌದೆಂದು ಹೇಳಿದ ಇಂಥವರು ಎರಡೂ ಕಂಬಸಾಲುಗಳಿಗೆ ಒಗ್ಗುವುದಿಲ್ಲ.

ಮುಂದಿನದು ಪರಿಚಿತ. 1792ರ ಸೆಪ್ಟೆಂಬರ್ 2ರಂದು ಕಾರ್ಮೆಲ್ ಮಠದ ತೋಟದಲ್ಲಿ ಮೂವರು ಧರ್ಮಾಧ್ಯಕ್ಷರೂ ಹಲವಾರು ಗುರುಗಳೂ ಹತರಾದರು. ಆ ದಿನಗಳ ಹತ್ಯಾಕಾಂಡದಲ್ಲಿ ಮಡಿದ 191 ಮಂದಿಯನ್ನು 1926ರಲ್ಲಿ ಜಗದ್ಗುರು ಹನ್ನೊಂದನೇ ಪಯಸರು ಧನ್ಯರೆಂದು ಘೋಷಿಸಿದರು. ಪ್ರಮಾಣ ಮಾಡಿದವರನ್ನೂ ಕ್ರಾಂತಿ ಬಿಡಲಿಲ್ಲ. ಅವರ ಕಡೆಯ ಲಿಯೋನ್‌ನ ಲಾಮುರೆತ್, ಪ್ಯಾರಿಸಿನ ಗೊಬೆಲ್ ಇಬ್ಬರೂ 1794ರಲ್ಲಿ ಗಿಲೊಟಿನ್ ಏರಿದರು. 1801ರ ಒಪ್ಪಂದದಲ್ಲಿ ಏಳನೇ ಪಯಸರು ಎರಡೂ ಕಡೆಯ ಧರ್ಮಾಧ್ಯಕ್ಷರಿಂದ ರಾಜೀನಾಮೆ ಕೇಳಿದರು. ಪ್ರಾಣಭಯದಲ್ಲೂ ನಿಷ್ಠರಾಗಿದ್ದವರಿಗೆ ಅದು ಎಂಥ ಕಹಿಯಾಗಿತ್ತೆಂಬುದನ್ನು ಊಹಿಸಿಕೊಳ್ಳಬಹುದು. 1799ರಲ್ಲಿ ಎಕ್ಯುಲಿ ಎಂಬ ಊರಿನ ಮನೆಯೊಂದರಲ್ಲಿ, ಕಿಟಕಿಗಳಿಗೆ ಹುಲ್ಲಿನ ಗಾಡಿಗಳನ್ನು ಅಡ್ಡ ನಿಲ್ಲಿಸಿ, ಹದಿಮೂರು ವರ್ಷದ ಬಾಲಕನೊಬ್ಬ ಗುಪ್ತ ಗುರುವಿನಿಂದ ಮೊದಲ ಪರಮಪ್ರಸಾದ ಸ್ವೀಕರಿಸಿದ. ಮುಂದೆ ಆತ ಆರ್ಸ್ ಊರಿನ ಗುರುವಾದ ಸಂತ ಜಾನ್ ಮರಿಯ ವಿಯಾನ್ನಿ.

ನಮ್ಮ ನಾಡಿನ ಧರ್ಮಸಭೆಗೂ ಆ ವರ್ಷದ ಅಲೆಯೊಂದು ಬಂದು ತಾಗಿದೆ. ಪ್ರಮಾಣ ಮಾಡಿದ ನಾಲ್ವರು ಧರ್ಮಾಧ್ಯಕ್ಷರಲ್ಲಿ ಒಬ್ಬರು ವಿವಿಯೇ ಧರ್ಮಕ್ಷೇತ್ರದವರು. ಅದೇ ಧರ್ಮಕ್ಷೇತ್ರದ ಯುವಕನೊಬ್ಬ 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯ ಮೂಲಕ ಭಾರತಕ್ಕೆ ಹೊರಟುಬಂದ. 1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಮೈಸೂರು ಸೀಮೆಯ ಚದುರಿಹೋದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಿದ, ಸಿಡುಬಿನ ಲಸಿಕೆಯನ್ನು ಹಳ್ಳಿಹಳ್ಳಿಗೆ ಒಯ್ದ, ನಮ್ಮ ಹಿರಿಯರು ದೊಡ್ಡಸ್ವಾಮಿಯವರು ಎಂದು ಕರೆದ ಅಬ್ಬೆ ದುಬಾಯ್ ಅವರೇ ಆ ಯುವಕ. ಮೈಸೂರಿನಲ್ಲಿ ಅವರು ಬದುಕಿದ ಹಳ್ಳಿಯ ಬಡ ಗುರುವಿನ ಬದುಕಿನ ಹಿಂದೆ, ಒಡೆದುಹೋದ ಒಂದು ಧರ್ಮಕ್ಷೇತ್ರದ ನೆನಪೂ ಇದ್ದಿರಬೇಕೆಂದು ನಮಗೆ ತೋರುತ್ತದೆ.

ಇನ್ನು ಮೊದಲು ಪ್ರಮಾಣ ಮಾಡಿದ ಗ್ರೆಗ್ವಾರ್. ಬ್ಲುವಾ ಧರ್ಮಕ್ಷೇತ್ರಕ್ಕೆ ಚುನಾಯಿತರಾದ ಅವರ ದೀಕ್ಷೆಯನ್ನು ರೋಮ್ ಎಂದೂ ನ್ಯಾಯಸಮ್ಮತವೆಂದು ಒಪ್ಪಲಿಲ್ಲ. ಆ ತೀರ್ಪಿನಲ್ಲಿ ನಾವು ರೋಮ್‌ನೊಂದಿಗಿದ್ದೇವೆ. ಆದರೆ 1793ರ ನವೆಂಬರ್ 7ರಂದು ಗೊಬೆಲ್ ಮತ್ತಿತರರು ಅಧಿವೇಶನದಲ್ಲಿ ತಮ್ಮ ಪದವಿಯನ್ನು ತ್ಯಜಿಸಿದಾಗ, ಎದ್ದು ನಿಂತು ತಾನು ಧರ್ಮಾಧ್ಯಕ್ಷನಾಗಿಯೇ ಉಳಿಯುತ್ತೇನೆಂದವರು ಇದೇ ಗ್ರೆಗ್ವಾರ್. ಯೆಹೂದ್ಯರಿಗೆ ಪೌರತ್ವಕ್ಕಾಗಿ, ವಸಾಹತುಗಳ ಗುಲಾಮರ ಬಿಡುಗಡೆಗಾಗಿ ಅವರು ಜೀವನವಿಡೀ ಹೋರಾಡಿದರು. 1831ರ ಮೇ ತಿಂಗಳಲ್ಲಿ ಮರಣಶಯ್ಯೆಯಲ್ಲಿದ್ದಾಗ ಅಂತ್ಯಸಂಸ್ಕಾರವನ್ನು ಬೇಡಿದರು. ನಲವತ್ತು ವರ್ಷಗಳ ಹಿಂದಿನ ಪ್ರಮಾಣವನ್ನು ಮೊದಲು ಹಿಂತೆಗೆದುಕೊಳ್ಳಬೇಕೆಂದು ಪ್ಯಾರಿಸಿನ ಮಹಾಧರ್ಮಾಧ್ಯಕ್ಷರು ತಿಳಿಸಿದರು. ಗ್ರೆಗ್ವಾರ್ ಒಪ್ಪಲಿಲ್ಲ. ಕಡೆಗೆ ಗಿಯೋನ್ ಎಂಬ ಗುರುಗಳು ಮಹಾಧರ್ಮಾಧ್ಯಕ್ಷರ ಅಪ್ಪಣೆಯನ್ನು ಮೀರಿ ಅವರಿಗೆ ಸಂಸ್ಕಾರ ನೀಡಿದರು. ಶವಯಾತ್ರೆಯಲ್ಲಿ ಯುವಕರು ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ಎಳೆದುಕೊಂಡು ಹೋದರು. 1989ರ ಡಿಸೆಂಬರ್ 12ರಂದು ಫ್ರಾನ್ಸ್ ಸರ್ಕಾರ ಅವರ ಅಸ್ಥಿಗಳನ್ನು ಪ್ಯಾಂಥಿಯನ್‌ಗೆ ಸಾಗಿಸಿದಾಗ, ಪ್ಯಾರಿಸಿನ ಮಹಾಧರ್ಮಾಧ್ಯಕ್ಷರು ಆ ಸಮಾರಂಭಕ್ಕೆ ಹೋಗಲಿಲ್ಲ.